ಮಗಳ ಸೋಲ್ ಆಲ್ಬಂಗೆ ಹೊಸ ಲೇಬಲ್ ಮುಂದೆ ಬಂದಿದೆ, ಸಹಿ ಹಾಕಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ 28 ವರ್ಷ, ಲಾಸ್ ಏಂಜಲಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವಳು. ಅಲ್ಲಿಗೆ ಓದಲು ಹೋದ ಮೇಲೆ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹುಚ್ಚು ಹತ್ತಿತು. ಈಗ ಒಂದು ಬ್ಯಾಂಡಿನಲ್ಲಿ ಮುಖ್ಯ ಗಾಯಕಿ. ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಮಾಡಿ ಹೊರಬಂದವರೊಬ್ಬರು ಕಳೆದ ವರ್ಷ ಸ್ವಂತ ಲೇಬಲ್ (ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿ) ಶುರು ಮಾಡಿದ್ದಾರೆ. ಬ್ಯಾಂಡ್ ಬಿಟ್ಟು ಸೋಲೋ ಆಲ್ಬಂ ಮಾಡು ಅಂತ ಇವಳನ್ನು ಕೇಳುತ್ತಿದ್ದಾರೆ. ಅಡ್ವಾನ್ಸ್ ಇಲ್ಲ, ಆದರೆ ರೆಕಾರ್ಡಿಂಗ್ ಖರ್ಚೆಲ್ಲ ಅವರದೇ. ರಾಯಲ್ಟಿ ನೂರಕ್ಕೆ 18. ಒಂದು ಆಲ್ಬಂ ಆದ ಮೇಲೆ ಅವರಿಗೆ ಬೇಕೆನಿಸಿದರೆ ಇನ್ನೂ ನಾಲ್ಕು ಮಾಡಿಕೊಡಬೇಕು. ಹತ್ತು ದಿನದಲ್ಲಿ ಸಹಿ ಹಾಕಿ ಅಂತಾರೆ. 'ಎಲ್ಲಾ ಕರಾರೂ ಹೀಗೇ ಇರುತ್ತೆ' ಅಂತಲೂ ಅಂತಾರೆ. ನಮ್ಮ ಯಜಮಾನರು ದೊಡ್ಡ ಕಂಪನಿಯಾದರೆ ಮಾತ್ರ ಹೂಂ ಅನ್ನು ಅಂತಾರೆ. ಅವಳಿಗೆ ಕೆಲಸ ಬಿಡಲೂ ಭಯ, ಅವಕಾಶ ಬಿಡಲೂ ಭಯ. ಬೆಂಗಳೂರಿನ ಸಂಗೀತ ನಿರ್ದೇಶಕರೊಬ್ಬರು ಆಗಾಗ ಅವಳಿಂದ ಸಿನಿಮಾಗೆ ಹಾಡಿಸುತ್ತಾರೆ. ಅದಕ್ಕೂ ತೊಂದರೆ ಆಗುತ್ತಾ? ಹೊಸ ಲೇಬಲ್ ನಂಬಬಹುದಾ?

ಉತ್ತರ: ನಂಬಬಹುದಾ ಅನ್ನುವುದಕ್ಕೆ ಆ ಮನುಷ್ಯನನ್ನು ನೋಡದೆ ನಾನು ಉತ್ತರ ಹೇಳಲಾರೆ. ನೋಡಿದರೂ ಹೇಳಲಾರೆ ಅನ್ನಿ. ಸಂಗೀತದ ಕರಾರುಗಳನ್ನು ಓದುವುದೇ ನನ್ನ ಕೆಲಸ. ಹೊಸ ಲೇಬಲ್ ಕಟ್ಟುವವರಲ್ಲಿ ಹೆಚ್ಚಿನವರು ಮೋಸಗಾರರಲ್ಲ. ಸಂಗೀತದ ಮೇಲಿನ ಪ್ರೀತಿಗೇ ಕಟ್ಟಿರುತ್ತಾರೆ. ಕಷ್ಟ ಬರುವುದು ಆಮೇಲೆ. ದುಡ್ಡು ಮುಗಿದಾಗ ಬರುತ್ತದೆ, ಇಲ್ಲವೇ ಹಾಡು ಎಣಿಸಿದ್ದಕ್ಕಿಂತ ಜಾಸ್ತಿ ಓಡಿದಾಗ ಬರುತ್ತದೆ. ಹಾಗಾಗಿ ನೀವು ಕೇಳಬೇಕಾದ್ದು ಎರಡು. ನಾಳೆ ಬೇಡ ಅನಿಸಿದರೆ ಮಗಳು ಹೊರಗೆ ಬರಬಹುದಾ? ಬಂದರೆ ಅವಳ ಆಲ್ಬಂ ಜೊತೆಗೆ ಬರುತ್ತದಾ? ಇವೆರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಒಂದೇ ಅಲ್ಲ.

ನಿಮ್ಮ ಪತ್ರ ಓದುವಾಗ ನನಗೆ ಅನಿತಾ ಬೇಕರ್ ನೆನಪಾದರು. ಡೆಟ್ರಾಯಿಟ್‌ನ ಗಾಯಕಿ. 'ಚಾಪ್ಟರ್ 8' ಅನ್ನುವ ತಂಡದಲ್ಲಿ ಹಾಡುತ್ತಿದ್ದರು. 1979ರಲ್ಲಿ ತಂಡದ ಆಲ್ಬಂ ಅರಿಯೋಲಾ ಲೇಬಲ್‌ನಿಂದ ಬಂತು. ಆ ಲೇಬಲ್ ಅರಿಸ್ಟಾ ಕಂಪನಿಯ ಕೈಗೆ ಹೋದಾಗ ತಂಡವನ್ನು ಕೈಬಿಟ್ಟರು. ಬೇಕರ್ ಊರಿಗೆ ಮರಳಿ ಒಂದು ವಕೀಲರ ಕಚೇರಿಯಲ್ಲಿ ರಿಸೆಪ್ಷನಿಸ್ಟ್ ಆದರು. ಅಷ್ಟರಲ್ಲಿ ಅರಿಯೋಲಾದಲ್ಲಿ ಇದ್ದ ಓಟಿಸ್ ಸ್ಮಿತ್ ಲಾಸ್ ಏಂಜಲಿಸ್‌ನಲ್ಲಿ 'ಬೆವರ್ಲಿ ಗ್ಲೆನ್ ಮ್ಯೂಸಿಕ್' ಎಂಬ ಸ್ವಂತ ಲೇಬಲ್ ಶುರು ಮಾಡಿದ್ದರು. ಸೋಲೋ ಆಲ್ಬಂ ಮಾಡೋಣ ಬಾ ಅಂದರು. ಸಂಬಳ, ವಿಮೆ ಇರುವ ಕೆಲಸ ಬಿಡಲು ಬೇಕರ್ ಹಿಂದೆಮುಂದೆ ನೋಡಿದರು. ಕೊನೆಗೆ 1982ರಲ್ಲಿ ಸಹಿ ಹಾಕಿದರು.

1983ರಲ್ಲಿ 'ದ ಸಾಂಗ್‌ಸ್ಟ್ರೆಸ್' ಬಂತು. ಅದರ 'ಏಂಜಲ್' ಹಾಡು ಅಮೆರಿಕದ ಕಪ್ಪು ಸಂಗೀತದ ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಏರಿತು. ಆಲ್ಬಂ 10 ಲಕ್ಷ ಡಾಲರ್‌ಗಿಂತ ಜಾಸ್ತಿ ವ್ಯಾಪಾರ ಮಾಡಿತು ಅಂತ ಆಮೇಲೆ ನ್ಯಾಯಾಲಯದ ತೀರ್ಪಿನಲ್ಲೇ ಬರೆದಿದೆ. ಹೊಸ ಲೇಬಲ್‌ಗೆ ಇದು ಸಣ್ಣ ಗೆಲುವಲ್ಲ. ಜಗಳ ಶುರುವಾದದ್ದು ಇಲ್ಲಿಂದಲೇ. ರಾಯಲ್ಟಿ ಕೈಗೆ ಬಂದಿಲ್ಲ, ಎರಡನೇ ಆಲ್ಬಂ ಮುಂದಕ್ಕೆ ಹೋಗುತ್ತಲೇ ಇದೆ ಅನ್ನುವುದು ಬೇಕರ್ ದೂರು. 1984ರಲ್ಲಿ ವಾರ್ನರ್ ಕಂಪನಿ ಇನ್ನೂ ಒಳ್ಳೆಯ ಕರಾರು ಕೊಟ್ಟಿತು. ಅವರು ಅದರ ಇಲೆಕ್ಟ್ರಾ ಲೇಬಲ್‌ಗೆ ಹೊರಟರು. ಬೆವರ್ಲಿ ಗ್ಲೆನ್ ಕೋರ್ಟಿಗೆ ಹೋಯಿತು: ಈಕೆ ಬೇರೆ ಯಾರಿಗೂ ಹಾಡಬಾರದು ಅಂತ ತಡೆಯಾಜ್ಞೆ ಕೊಡಿ.

ಕೋರ್ಟು ಕೊಡಲಿಲ್ಲ. ಕಾರಣ ನಿಮ್ಮ ಮಗಳಿಗೆ ನೇರವಾಗಿ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಒಬ್ಬ ಕಲಾವಿದೆಯನ್ನು ಬೇರೆಡೆ ಹಾಡದಂತೆ ತಡೆಯಬೇಕಾದರೆ, ಕರಾರು ಆಕೆಗೆ ವರ್ಷಕ್ಕೆ ಇಂತಿಷ್ಟು ಹಣ ಖಾತ್ರಿಯಾಗಿ ಕೊಡಲೇಬೇಕು. ಆಗ ಆ ಮೊತ್ತ ಬರೀ 6,000 ಡಾಲರ್ ಇತ್ತು. ಬೇಕರ್ ಕರಾರಿನಲ್ಲಿ ಅಷ್ಟೂ ಇರಲಿಲ್ಲ. ಲೇಬಲ್ ಆಮೇಲೆ ದಾರಿ ಬದಲಿಸಿತು. ಗಾಯಕಿಯನ್ನು ತಡೆಯಲಾಗದಿದ್ದರೆ ಆಕೆಯನ್ನು ಕೆಲಸಕ್ಕೆ ತೆಗೆದುಕೊಳ್ಳದಂತೆ ವಾರ್ನರ್ ಕಂಪನಿಯನ್ನು ತಡೆಯಿರಿ ಅಂತ ಕೇಳಿತು. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೂ ಒಪ್ಪಲಿಲ್ಲ. ಯಾರ ಮೇಲೆ ದಾವೆ ಹಾಕಿದರೂ ಉದ್ದೇಶ ಆಕೆಯ ಹೊಟ್ಟೆಪಾಡು ಕಿತ್ತುಕೊಳ್ಳುವುದೇ ತಾನೆ ಅನ್ನುವುದು ಅದರ ತರ್ಕ. ಬೇಕಾದರೆ ನಷ್ಟದ ಹಣ ಕೇಳಲಿ, ಬಾಯಿ ಮುಚ್ಚಿಸಲು ಬರುವುದಿಲ್ಲ. ಅದೇ ವರ್ಷ ಇಲೆಕ್ಟ್ರಾದಿಂದ 'ರ‍್ಯಾಪ್ಚರ್' ಬಂತು. ಹಳೆಯ ತಂಡದ ಗೆಳೆಯ ಮೈಕಲ್ ಪವೆಲ್ ಅದರ ನಿರ್ಮಾಣಕ್ಕೆ ಜೊತೆಯಾಗಿದ್ದರು. ಎರಡು ಗ್ರ್ಯಾಮಿ ಪ್ರಶಸ್ತಿ, ಅಮೆರಿಕವೊಂದರಲ್ಲೇ 50 ಲಕ್ಷ ಪ್ರತಿ.

ಆದರೆ ಗಮನಿಸಿ. ಹೊರಬಂದದ್ದು ಗಾಯಕಿ ಮಾತ್ರ. ಬೆವರ್ಲಿ ಗ್ಲೆನ್‌ಗೆ ಮಾಡಿದ ಆಲ್ಬಂ ಅವರ ಹಿಂದೆ ಬರಲಿಲ್ಲ. ಇಲೆಕ್ಟ್ರಾ ಅದನ್ನು ಮತ್ತೆ ಹೊರತಂದದ್ದು 1991ರಲ್ಲಿ. ಇನ್ನು ಇಲೆಕ್ಟ್ರಾಗೆ ಮಾಡಿದ ಆಲ್ಬಂಗಳ ಮಾಸ್ಟರ್‌ಗಳಿಗೂ, ಅಂದರೆ ಮೂಲ ರೆಕಾರ್ಡಿಂಗ್‌ಗಳ ಒಡೆತನಕ್ಕೂ, ಅವರು ದಶಕಗಳ ನಂತರ ಕಾದಾಡಬೇಕಾಯಿತು. ನನ್ನ ಹಾಡುಗಳನ್ನು ಸ್ಟ್ರೀಮ್ ಮಾಡಬೇಡಿ ಅಂತ 2021ರಲ್ಲಿ ಅಭಿಮಾನಿಗಳನ್ನೇ ಕೇಳಿಕೊಂಡರು. ಅದೇ ವರ್ಷ ಮಾಸ್ಟರ್‌ಗಳು ಕೈ ಸೇರಿದವು ಅಂತ ಹೇಳಿಕೊಂಡರು. ಹೊಸ ಲೇಬಲ್, ದೊಡ್ಡ ಕಂಪನಿ ಎರಡನ್ನೂ ಕಂಡವರ ಕಥೆ ಇದು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ದೊಡ್ಡ ಕಂಪನಿಯಾದರೆ ಲೆಕ್ಕ ಕೊಡುತ್ತದೆ, ರಾಯಲ್ಟಿ ಚೆಕ್ಕು ವಾಪಸ್ ಬರುವುದಿಲ್ಲ, ನಿಜ. ಆದರೆ ಮೊದಲ ಆಲ್ಬಂ ಸಾಧಾರಣವಾಗಿ ಓಡಿದರೆ ಅಲ್ಲಿ ನಿಮ್ಮ ಮಗಳ ಹೆಸರು ನೆನಪಿಡುವವರೂ ಇರುವುದಿಲ್ಲ. ಆಪ್ಷನ್, ಅಂದರೆ ಮುಂದಿನ ಆಲ್ಬಂ ಕೇಳುವ ಹಕ್ಕು, ಬಿಟ್ಟುಬಿಡುತ್ತಾರೆ, ಮಾಸ್ಟರ್ ಇಟ್ಟುಕೊಳ್ಳುತ್ತಾರೆ.

ಈಗ ಅಡ್ವಾನ್ಸ್ ವಿಷಯ. 'ಅಡ್ವಾನ್ಸ್ ತೆಗೆದುಕೊಂಡಿಲ್ಲ, ಹಾಗಾಗಿ ಯಾವಾಗ ಬೇಕಾದರೂ ಬಿಡಬಹುದು' ಅಂತ ಹಾಡುವ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಬೇಕರ್ ಪ್ರಕರಣ ನೋಡಿದರೆ ಅದರಲ್ಲಿ ಅರ್ಧ ಸತ್ಯ ಇದೆ. ಖಾತ್ರಿ ಹಣ ಇಲ್ಲದ ಕರಾರಿನಲ್ಲಿ ಕ್ಯಾಲಿಫೋರ್ನಿಯಾ ಕೋರ್ಟು ಅವಳ ಹಾಡು ನಿಲ್ಲಿಸುವುದು ಕಷ್ಟ. ಈಗ ಆ ಮೊತ್ತ ಏರಿದೆ: ಮೊದಲ ವರ್ಷಕ್ಕೆ 9,000 ಡಾಲರ್, ಎರಡನೆಯದಕ್ಕೆ 12,000, ಅಲ್ಲಿಂದ ಮುಂದೆ ಇನ್ನೂ ಜಾಸ್ತಿ. ಆದರೆ ನಷ್ಟ ಪರಿಹಾರದ ದಾವೆ ಹಾಕಲು ಯಾವ ಅಡ್ಡಿಯೂ ಇಲ್ಲ. ದಾವೆ ಇರುವ ಗಾಯಕಿಯನ್ನು ಮುಟ್ಟಲು ಬೇರೆ ಲೇಬಲ್‌ಗಳು ಹಿಂಜರಿಯುತ್ತವೆ. ಬೇಕರ್ ಬೆನ್ನಿಗೆ ವಾರ್ನರ್‌ನಷ್ಟು ದೊಡ್ಡ ಕಂಪನಿ ಇತ್ತು ಅನ್ನುವುದನ್ನು ಮರೆಯಬೇಡಿ. ಜೊತೆಗೆ ಕರಾರಿನ ಕೊನೆಯ ಪುಟದಲ್ಲಿ 'ನ್ಯೂಯಾರ್ಕ್ ಕಾನೂನು ಅನ್ವಯ' ಅಂತ ಒಂದು ಸಾಲು ಇದ್ದರೆ ಈ ರಕ್ಷಣೆಗೂ ಕಷ್ಟ ಬರಬಹುದು. ಆ ಸಾಲನ್ನು ಮೊದಲು ಹುಡುಕಿ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ ಏಳು ವರ್ಷದ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಯಾರ ಸೇವೆಯನ್ನೂ ಏಳು ವರ್ಷಕ್ಕಿಂತ ಹೆಚ್ಚು ಕಾಲ ಕರಾರಿನಿಂದ ಕಟ್ಟಿಹಾಕುವಂತಿಲ್ಲ. ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ 1940ರ ದಶಕದಲ್ಲಿ ಸ್ಟುಡಿಯೋ ವಿರುದ್ಧ ಇದೇ ನಿಯಮದ ಮೇಲೆ ಗೆದ್ದರು. ಆದರೆ ರೆಕಾರ್ಡ್ ಕಂಪನಿಗಳು 1987ರಲ್ಲಿ ಕಾನೂನಿಗೆ ಒಂದು ತಿದ್ದುಪಡಿ ಮಾಡಿಸಿಕೊಂಡವು. ಏಳು ವರ್ಷ ಆದ ಮೇಲೆ ಗಾಯಕಿ ಹೋಗಬಹುದು, ಆದರೆ ಮಾಡಿಕೊಡದೆ ಉಳಿದ ಆಲ್ಬಂಗಳಿಗೆ ಕಂಪನಿ ನಷ್ಟ ಕೇಳಬಹುದು. ನಿಮ್ಮ ಮಗಳ ಕರಾರಿನಲ್ಲಿ 'ಇನ್ನೂ ನಾಲ್ಕು' ಅಂತ ಇದೆಯಲ್ಲ, ಅದರ ತೂಕ ಇಲ್ಲಿದೆ. ಮೊದಲ ಆಲ್ಬಂ, ಜೊತೆಗೆ ಒಂದೇ ಒಂದು ಆಪ್ಷನ್, ಅದಕ್ಕಿಂತ ಜಾಸ್ತಿಗೆ ನಾನಾದರೆ ಒಪ್ಪುವುದಿಲ್ಲ. ಆ ಆಪ್ಷನ್ ಎತ್ತಿಕೊಳ್ಳಲು ದಿನಾಂಕ ಬೇಕು. ಎತ್ತಿಕೊಂಡರೆ ಅಷ್ಟು ಹಣ ಕೊಡುತ್ತೇವೆ ಅಂತ ಮೊತ್ತವೂ ಬರೆದಿರಬೇಕು. ಪುಕ್ಕಟೆ ಆಪ್ಷನ್ ಅಂದರೆ ಮಗಳು ಕಾಯುತ್ತಾ ಕೂರಬೇಕು, ಅಷ್ಟೇ.

'ಖರ್ಚೆಲ್ಲ ಅವರದೇ' ಅನ್ನುವ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು.

ರೆಕಾರ್ಡಿಂಗ್‌ಗೆ ಲೇಬಲ್ 40,000 ಡಾಲರ್ ಹಾಕಿತು ಅಂದುಕೊಳ್ಳಿ. ಆಲ್ಬಂನಿಂದ ಲೇಬಲ್‌ಗೆ 1,00,000 ಡಾಲರ್ ಬಂತು. ನೂರಕ್ಕೆ 18 ಅಂದರೆ ಮಗಳ ಪಾಲು 18,000. ಆದರೆ ಆ 40,000 ವಸೂಲಾಗುವುದು ಒಟ್ಟು ಆದಾಯದಿಂದ ಅಲ್ಲ, ಅವಳ ಈ 18,000ದಿಂದ. ಅವಳ ಖಾತೆಯಲ್ಲಿ ಇನ್ನೂ 22,000 ಬಾಕಿ ಅಂತ ತೋರಿಸುತ್ತದೆ. ಅದೇ ಹೊತ್ತಿಗೆ ಲೇಬಲ್ ಹಾಕಿದ್ದನ್ನು ಕಳೆದು 60,000 ಲಾಭದಲ್ಲಿದೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕದ್ದಿಲ್ಲ. ಕರಾರು ಇರುವುದೇ ಹಾಗೆ. 'ಆಲ್ಬಂ ಓಡಿತು, ನನಗೆ ಒಂದು ಕಾಸೂ ಬರಲಿಲ್ಲ' ಅಂತ ಸಿಟ್ಟಾಗಿ ಬರುವ ಹೆಚ್ಚಿನ ಗಾಯಕರ ಕಾಗದ ತೆಗೆದು ನೋಡಿದರೆ ಈ ಲೆಕ್ಕವೇ ಇರುತ್ತದೆ. ಮೊದಲ ಆಲ್ಬಂನ ಬಾಕಿಯನ್ನು ಎರಡನೆಯದರ ಗಳಿಕೆಯಿಂದ ಕಳೆಯುವ ಸಾಲೂ ಅದರಲ್ಲೇ ಎಲ್ಲೋ ಇರುತ್ತದೆ.

ಸಣ್ಣ ಲೇಬಲ್‌ಗಳ ಹತ್ತಿರ ಕೇಳಿದರೆ ಸಿಗುವ ಇನ್ನೊಂದು ದಾರಿ ಅರ್ಧರ್ಧ. ಬಂದ 1,00,000ದಲ್ಲಿ ಖರ್ಚು 40,000 ಮೊದಲು ತೆಗೆದು, ಉಳಿದ 60,000 ಇಬ್ಬರಿಗೂ ಸಮ. ಮಗಳಿಗೆ 30,000. ಅದೇ ಆಲ್ಬಂ, ಅದೇ ಕೇಳುಗರು. ಅಡ್ವಾನ್ಸ್ ಕೊಡಲಾಗದ ಹೊಸ ಲೇಬಲ್‌ಗೆ ಇದನ್ನು ಒಪ್ಪದಿರಲು ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ. ಅಪಾಯ ಇಲ್ಲದಿಲ್ಲ: 'ಖರ್ಚು' ಅಂದರೆ ಏನು ಅಂತ ಬರೆಯದಿದ್ದರೆ ಕಚೇರಿ ಬಾಡಿಗೆ, ಮಾಲೀಕರ ವಿಮಾನದ ಟಿಕೆಟ್ ಎಲ್ಲಾ ಅದರೊಳಗೆ ನುಗ್ಗುತ್ತವೆ. ಇಷ್ಟು ಮೊತ್ತದ ಮೇಲಿನ ಖರ್ಚಿಗೆ ಮಗಳ ಲಿಖಿತ ಒಪ್ಪಿಗೆ ಬೇಕು ಅಂತ ಹಾಕಿಸಿ. ಲೆಕ್ಕಪುಸ್ತಕ ತೆರೆದು ನೋಡುವ ಹಕ್ಕನ್ನೂ ಬರೆಸಿ.

ಲೇಬಲ್ ಮುಟ್ಟಬಾರದ ಹಣವೂ ಇದೆ. ಮಗಳು ತಾನೇ ಹಾಡು ಬರೆಯುತ್ತಾಳಾ ಅಂತ ನೀವು ಹೇಳಿಲ್ಲ. ಬರೆಯುವುದಾದರೆ ಅದು ಬೇರೆಯೇ ಆಸ್ತಿ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ಹಾಡಿದವರಿಗೆ ದುಡ್ಡಿಲ್ಲ, ಬರೆದವರಿಗೆ ಮಾತ್ರ. ವಿಚಿತ್ರ ಅನಿಸಬಹುದು, ಆದರೆ ಕಾನೂನು ಹಾಗೇ ಇದೆ. ಬೇಕರ್ ಹಾಡಿದ 'ಏಂಜಲ್' ಬರೆದವರು ಬೇರೆಯವರು. ಗ್ರ್ಯಾಮಿ ಗೆದ್ದ 'ಸ್ವೀಟ್ ಲವ್' ಬರೆದ ಮೂವರಲ್ಲಿ ಅವರೂ ಒಬ್ಬರು. ಹಾಡು ಬರೆದವರಿಗೆ ಸೇರುವ ಪಬ್ಲಿಷಿಂಗ್ ಹಕ್ಕನ್ನು ಲೇಬಲ್‌ಗೆ ಈ ಕರಾರಿನಲ್ಲೇ ಕೊಡಬೇಡಿ. ಇಂಟರ್ನೆಟ್ ರೇಡಿಯೋ, ಉಪಗ್ರಹ ರೇಡಿಯೋ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಹಂಚುತ್ತದೆ. ನೂರಕ್ಕೆ 45 ಪಾಲು ಮುಖ್ಯ ಗಾಯಕಿಗೆ ನೇರವಾಗಿ, 5 ಪಾಲು ಜೊತೆಯ ವಾದ್ಯಗಾರರು, ಗಾಯಕರ ನಿಧಿಗೆ, ಉಳಿದ 50 ಮಾಸ್ಟರ್ ಇರುವವರಿಗೆ. ಲೇಬಲ್ ಖಾತೆಯಲ್ಲಿ ಬಾಕಿ ಎಷ್ಟೇ ಇರಲಿ, ಆ 45 ಅವಳದೇ. ಹೆಸರು ನೋಂದಾಯಿಸದೆ ಆ ಹಣವನ್ನು ಅಲ್ಲೇ ಬಿಟ್ಟವರೂ ಇದ್ದಾರೆ.

ಮಾಸ್ಟರ್ ಮಾತಿಗೆ ಬಂದರೆ ನಾನು ಸ್ವಲ್ಪ ಹಟ ಮಾಡುತ್ತೇನೆ. ನಿಮ್ಮವರ ಕರಾರಿನಲ್ಲಿ ಬಹುಶಃ 'ಶಾಶ್ವತವಾಗಿ, ಬ್ರಹ್ಮಾಂಡದಾದ್ಯಂತ' ಅನ್ನುವ ಸಾಲು ಇರುತ್ತದೆ. ನಗಬೇಡಿ, ನಿಜಕ್ಕೂ ಹಾಗೇ ಬರೆಯುತ್ತಾರೆ. ಅದರ ಪಕ್ಕದಲ್ಲೇ ಈ ರೆಕಾರ್ಡಿಂಗ್ 'ಕೂಲಿಗೆ ಮಾಡಿದ ಕೆಲಸ' ಅಂತಲೂ ಇರುತ್ತದೆ. ಅದು ಸುಮ್ನೆ ಹಾಕಿದ್ದಲ್ಲ. ಹಕ್ಕು ಬರೆದುಕೊಟ್ಟ ಕಲಾವಿದರು 35 ವರ್ಷದ ನಂತರ ಅದನ್ನು ವಾಪಸ್ ಕೇಳಬಹುದು ಅಂತ ಅಮೆರಿಕದ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಎರಡು ವರ್ಷ ಮೊದಲಾದರೂ ನೋಟಿಸ್ ಕೊಟ್ಟಿರಬೇಕು. ಕೂಲಿಯ ಕೆಲಸಕ್ಕೆ ಆ ಹಕ್ಕಿಲ್ಲ. ಆ ಮೂರು ಪದಕ್ಕಾಗಿ ಲೇಬಲ್‌ಗಳು ಇವತ್ತಿಗೂ ಕೋರ್ಟಿನಲ್ಲಿ ಹೊಡೆದಾಡುತ್ತವೆ.

ಇದಕ್ಕೆ ಬದಲು ಲೈಸೆನ್ಸ್ ಕೇಳಿ. ಮಾಸ್ಟರ್ ಮಗಳದು. ಲೇಬಲ್ ಅದನ್ನು ಏಳು ವರ್ಷವೋ ಹತ್ತು ವರ್ಷವೋ ಮಾರಿಕೊಳ್ಳಬಹುದು, ಆಮೇಲೆ ವಾಪಸ್. ಖರ್ಚು ಅವರು ಹಾಕಿರುವುದರಿಂದ ಅಷ್ಟು ಬೇಗ ಬಿಡಲು ಒಪ್ಪದಿರಬಹುದು. ಆಗ ಹದಿನೈದು ವರ್ಷಕ್ಕೂ ನಾನು ಒಪ್ಪಿಸುತ್ತೇನೆ, ಶಾಶ್ವತಕ್ಕೆ ಒಪ್ಪಿಸುವುದಿಲ್ಲ.

ಯಾಕೆ ಇಷ್ಟು ಹಟ ಅಂದರೆ, ಹೊಸ ಲೇಬಲ್ ಪ್ರಾಮಾಣಿಕವಾಗಿದ್ದರೂ ಮಾಸ್ಟರ್ ಕಳೆದುಹೋಗಬಹುದು. ಮೆಂಫಿಸ್‌ನ ಸ್ಟ್ಯಾಕ್ಸ್ ಗೊತ್ತಿರಬಹುದು, ಓಟಿಸ್ ರೆಡ್ಡಿಂಗ್ ಹಾಡಿದ ಲೇಬಲ್. ಅದರ ರೆಕಾರ್ಡುಗಳನ್ನು ಹಂಚುತ್ತಿದ್ದದ್ದು ಅಟ್ಲಾಂಟಿಕ್ ಕಂಪನಿ. 1965ರ ಹಂಚಿಕೆ ಕರಾರಿನಲ್ಲಿ ಮಾಸ್ಟರ್‌ಗಳೇ ಅಟ್ಲಾಂಟಿಕ್‌ಗೆ ಅಂತ ಇತ್ತು. ಸ್ಟ್ಯಾಕ್ಸ್ ಮಾಲೀಕರಿಗೆ ಅದು ಅರಿವಾದದ್ದು 1968ರಲ್ಲಿ, ಅಟ್ಲಾಂಟಿಕ್ ಬೇರೆಯವರ ಪಾಲಾದ ಮೇಲೆ. ಅಲ್ಲಿಯವರೆಗಿನ ಹಾಡೆಲ್ಲ ಕೈಬಿಟ್ಟು ಹೋಯಿತು. ಖಾಲಿ ಕಪಾಟು ತುಂಬಿಸಲು 1969ರಲ್ಲಿ ಒಂದೇ ಸಲಕ್ಕೆ 27 ಆಲ್ಬಂ ಹೊರಡಿಸಿದರು. ಐಸಾಕ್ ಹೇಯ್ಸ್ ಅವರ 'ಹಾಟ್ ಬಟರ್ಡ್ ಸೋಲ್' ಬಂದದ್ದು ಆ ಗದ್ದಲದಲ್ಲೇ, ಎಂಟರ್‌ಪ್ರೈಸ್ ಅನ್ನುವ ಉಪಲೇಬಲ್‌ನಲ್ಲಿ. ನಾಲ್ಕೇ ಹಾಡು, ಅದರಲ್ಲಿ ಒಂದು ಹನ್ನೆರಡು ನಿಮಿಷ. ದೊಡ್ಡ ಕಂಪನಿಯೊಂದರ ಮೇಜಿನ ಮೇಲಿಟ್ಟಿದ್ದರೆ ಅದನ್ನು ಯಾರೂ ಒಪ್ಪುತ್ತಿರಲಿಲ್ಲ ಅನ್ನುವುದು ನನ್ನ ಊಹೆ. ಹೊಸ ಲೇಬಲ್‌ಗಳ ಪರವಾಗಿ ನಾನು ಯಾವಾಗಲೂ ಹೇಳುವ ಉದಾಹರಣೆ ಇದು. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಯಿತು. ಉಳಿದ ಮಾಸ್ಟರ್‌ಗಳನ್ನು 1977ರಲ್ಲಿ ಫ್ಯಾಂಟಸಿ ಕಂಪನಿ ಕೊಂಡುಕೊಂಡಿತು.

ಹಾಗಾಗಿ ಆ ಲೇಬಲ್ ಮಾಲೀಕರನ್ನು ಕೇಳಿ: ನಿಮ್ಮ ಡಿಸ್ಟ್ರಿಬ್ಯೂಟರ್ ಯಾರು, ಅವರ ಜೊತೆಗಿನ ಕರಾರಿನಲ್ಲಿ ನಮ್ಮ ಮಾಸ್ಟರ್ ಬಗ್ಗೆ ಏನಿದೆ? ಅವರು ತಬ್ಬಿಬ್ಬಾದರೆ ಅದೇ ಒಂದು ಉತ್ತರ. ಇನ್ನು 'ಲೇಬಲ್ ದಿವಾಳಿಯಾದರೆ ಹಕ್ಕು ತಾನಾಗಿ ವಾಪಸ್' ಅನ್ನುವ ಸಾಲು ಹಾಕಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅಮೆರಿಕದ ದಿವಾಳಿ ನ್ಯಾಯಾಲಯದಲ್ಲಿ ಅಂಥ ಸಾಲು ಹೆಚ್ಚಾಗಿ ನಿಲ್ಲುವುದಿಲ್ಲ. ದಿವಾಳಿಗೆ ಮೊದಲೇ ಕೆಲಸ ಮಾಡುವ ಸಾಲು ಬೇಕು. ರೆಕಾರ್ಡಿಂಗ್ ಮುಗಿದು ಇಷ್ಟು ತಿಂಗಳಲ್ಲಿ ಆಲ್ಬಂ ಬಿಡುಗಡೆ ಮಾಡದಿದ್ದರೆ, ಎರಡು ಸಲ ಲೆಕ್ಕ ಕಳಿಸದಿದ್ದರೆ, ಆಲ್ಬಂ ಎಲ್ಲೂ ಸಿಗದಂತಾದರೆ ಹಕ್ಕು ಮರಳಬೇಕು. ಮಗಳು ನಂಬಿ ಹೋಗುತ್ತಿರುವುದು ಆ ಒಬ್ಬ ಮನುಷ್ಯನನ್ನು. ಆತ ಲೇಬಲ್ ಬಿಟ್ಟರೆ ಅವಳೂ ಬಿಡಬಹುದು ಅಂತಲೂ ಇರಲಿ.

ಸಿನಿಮಾ ಹಾಡಿನ ವಿಷಯ: ಹೌದು, ತೊಂದರೆ ಆಗುತ್ತದೆ. ಇಂಥ ಕರಾರು ಅವಳ ದನಿಯ ಎಲ್ಲಾ ರೆಕಾರ್ಡಿಂಗನ್ನೂ ಹಿಡಿಯುತ್ತದೆ. ಭಾಷೆ, ದೇಶ ನೋಡುವುದಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಒಂದು ಕನ್ನಡ ಹಾಡು ಹಾಡಿದರೂ, ಮೈಸೂರಿನಲ್ಲಿ ಕಛೇರಿ ಮಾಡಿ ಅದು ಯೂಟ್ಯೂಬಿಗೆ ಹೋದರೂ ಉಲ್ಲಂಘನೆ. ಆದರೆ ತೆಗೆಸುವುದು ಸುಲಭ. ಭಾರತೀಯ ಭಾಷೆಗಳ ಸಿನಿಮಾ ಹಾಡು, ಶಾಸ್ತ್ರೀಯ ಸಂಗೀತ, ಬೇರೆಯವರ ಆಲ್ಬಂನಲ್ಲಿ ಜೊತೆದನಿ, ಇಷ್ಟನ್ನು ಹೊರಗಿಡಿ ಅಂದರೆ ಸೋಲ್ ಲೇಬಲ್‌ಗೆ ಕಳೆದುಕೊಳ್ಳುವುದು ಏನೂ ಇಲ್ಲ. ಒಪ್ಪದಿದ್ದರೆ ನನಗೆ ಅನುಮಾನ ಬರುತ್ತದೆ.

ಬ್ಯಾಂಡ್ ಬಗ್ಗೆ ನೀವು ಬರೆದದ್ದು ಕಡಿಮೆ. ಬ್ಯಾಂಡು ಮೊದಲೇ ಯಾವುದಾದರೂ ಕಂಪನಿಗೆ ಸಹಿ ಹಾಕಿದ್ದರೆ, ಬಿಟ್ಟುಹೋಗುವ ಸದಸ್ಯರ ಸೋಲೋ ಆಲ್ಬಂ ಮೇಲೂ ಆ ಕಂಪನಿಗೆ ಹಕ್ಕು ಇರುವುದು ಸಾಮಾನ್ಯ. ಹಳೆಯ ಕಾಗದ ತೆಗೆಸಿ ಓದಿ.

ಸಹಿ ಹಾಕದೆ ತಾನೇ ಮಾಡುವ ದಾರಿಯೂ ಇದೆ. ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್ ಷಿಕಾಗೋದಲ್ಲಿ 1968ರಲ್ಲಿ ಎಡ್ಡಿ ಥಾಮಸ್ ಜೊತೆ ಕರ್ಟಮ್ ಎಂಬ ಸ್ವಂತ ಲೇಬಲ್ ಕಟ್ಟಿದರು. 1970ರಲ್ಲಿ ತಾವು ಹಾಡುತ್ತಿದ್ದ ತಂಡ ಬಿಟ್ಟು ಅಲ್ಲೇ ಸೋಲೋ ಆಲ್ಬಂ ಮಾಡಿದರು. ಆದರೆ ಅಷ್ಟು ಹೊತ್ತಿಗೆ ಅವರು ಸುಮಾರು ಹತ್ತು ವರ್ಷದ ಹಿಟ್ ಹಾಡುಗಳ ಲೇಖಕ. ಮಗಳಿಗೆ ಆ ಬಲ ಇನ್ನೂ ಇಲ್ಲ. ಈಗ ಹಂಚಿಕೆ ಸುಲಭ, ಜನರಿಗೆ ಕೇಳಿಸುವುದು ಕಷ್ಟ. ಆ ಕೆಲಸವನ್ನು ಈ ಮನುಷ್ಯ ಚೆನ್ನಾಗಿ ಮಾಡುತ್ತಾನೆ ಅನಿಸಿದರೆ ಅವನಿಗೆ ಪಾಲು ಕೊಡುವುದರಲ್ಲಿ ತಪ್ಪಿಲ್ಲ. ನನಗೆ ಕೇಳಿದರೆ: ಒಂದು ಆಲ್ಬಂ, ಒಂದು ಆಪ್ಷನ್, ಲೈಸೆನ್ಸ್, ಅರ್ಧರ್ಧ. ಇದಕ್ಕೆ ಒಪ್ಪಿದರೆ ಹೊಸ ಲೇಬಲ್ ಅಂತ ಹೆದರದೆ ಹೋಗಲಿ.

ಹತ್ತು ದಿನದ ಗಡುವಿಗೆ ಅಂಜಬೇಡಿ. ನಿಜವಾಗಿ ಬೇಕಿದ್ದವರು ಮೂವತ್ತು ದಿನವೂ ಕಾಯುತ್ತಾರೆ. 'ನಮ್ಮ ವಕೀಲರು ಓದುತ್ತಿದ್ದಾರೆ' ಅಂತ ಒಂದು ಇಮೇಲ್ ಸಾಕು. ವಕೀಲರು ಅವಳವರೇ ಆಗಿರಬೇಕು, ಲೇಬಲ್ ತೋರಿಸಿದವರಲ್ಲ. ಆ ಫೀಸಿನ ಒಂದು ಭಾಗ ಲೇಬಲ್ ಕೊಡಲಿ ಅಂತ ಕೇಳುವುದೂ ರೂಢಿಯಲ್ಲಿದೆ, ಸಂಕೋಚ ಬೇಡ.

ನೀವು ಬರೆಯದ ಒಂದು ವಿಷಯವನ್ನು ನಾನೇ ಕೇಳುತ್ತೇನೆ. ಮಗಳು ಯಾವ ವೀಸಾದಲ್ಲಿದ್ದಾಳೆ? ಎಚ್-1ಬಿ ಆಗಿದ್ದರೆ, ಕೆಲಸ ಕೊಟ್ಟ ಕಂಪನಿ ಬಿಟ್ಟು ಬೇರೆ ಕಡೆ ದುಡಿಯಲು ಅನುಮತಿ ಇಲ್ಲ. ಲೇಬಲ್‌ಗಾಗಿ ರೆಕಾರ್ಡಿಂಗ್, ಹಣ ಪಡೆದು ಕಾರ್ಯಕ್ರಮ, ಎರಡೂ ಸಮಸ್ಯೆ ತರಬಹುದು. ಬ್ಯಾಂಡಿನಲ್ಲಿ ಈಗ ಹಾಡುತ್ತಿರುವುದಕ್ಕೆ ದುಡ್ಡು ಬರುತ್ತಿದ್ದರೆ ಅದನ್ನೂ ಹೇಳಬೇಕು. ಕಲಾವಿದರಿಗೆ ಓ-1 ಎಂಬ ಬೇರೆ ವೀಸಾ ಇದೆ, ಸಾಧನೆಯ ದಾಖಲೆ ಕೇಳುತ್ತಾರೆ. ಕೆಲಸ ಬಿಡುವ ಯೋಚನೆ ಇದ್ದರಂತೂ ರಾಜೀನಾಮೆಗೆ ಮೊದಲು ವಲಸೆ ವಕೀಲರನ್ನು ನೋಡಲಿ. ಸಂಗೀತದ ವಕೀಲರಿಗಿಂತ ಮೊದಲು ಅವರ ಹತ್ತಿರ ಹೋಗಲಿ.